ಪೆಟ್ಟಿಗೆಯೊಳಗಿನ ತಂಬೂರಿ

ಬೆಂಗಳೂರಿನ ವಾಯವ್ಯ ದಿಕ್ಕಿನಲ್ಲಿ, ತುಮಕೂರು ರಸ್ತೆಗೂ ಹೆಸರಘಟ್ಟ ರಸ್ತೆಗೂ ನಡುವೆ ಬಾಗಲಗುಂಟೆ ಎಂಬ ಊರಿದೆ. ಊರೆಂದು ಈಗ ಹೇಳುವುದು ರೂಢಿಯ ಬಲದಿಂದ ಮಾತ್ರ. ನಗರವು ಬೆಳೆದು ಅದನ್ನು ತನ್ನೊಳಗೆ ಸೇರಿಸಿಕೊಂಡಿದೆ. ಅಲ್ಲಿಂದ ಅನತಿದೂರದಲ್ಲಿ ಪೀಣ್ಯದ ಕೈಗಾರಿಕಾ ಪ್ರದೇಶ. ಕಾರ್ಖಾನೆಗಳಲ್ಲಿ ದುಡಿಯುವ ಎಷ್ಟೋ ಕುಟುಂಬಗಳು ಈ ಸುತ್ತಿನ ಚಿಕ್ಕ ಬಾಡಿಗೆ ಮನೆಗಳಲ್ಲಿ ವಾಸವಾಗಿವೆ. ಅಂಥ ಒಂದು ಎರಡು ಕೋಣೆಯ ಮನೆಯಲ್ಲಿ ಸಂಗೀತವನ್ನು ಕಲಿಯುತ್ತಿರುವ ಹುಡುಗಿಯೊಬ್ಬಳು ಇದ್ದಾಳೆಂದು ಭಾವಿಸೋಣ. ಅವಳಿಗೆ ಪ್ರತಿನಿತ್ಯ ಬೆಳಗ್ಗೆ ಸಾಧನೆಗೆ ಕೂರುವಾಗ ಶ್ರುತಿ ಬೇಕು. ನಾಲ್ಕು ಅಡಿಗೂ ಮಿಕ್ಕ ಉದ್ದದ ತಂಬೂರಿಯನ್ನು ಇಡಲು ಆ ಮನೆಯಲ್ಲಿ ಮೂಲೆಯಿಲ್ಲ, ಕೊಳ್ಳಲು ಹಣವಿಲ್ಲ, ಅವಳು ಹಾಡುವಾಗ ಪಕ್ಕದಲ್ಲಿ ಕುಳಿತು ಅದನ್ನು ಮೀಟುವವರೂ ಇಲ್ಲ. ಹಾಗೆಂದು ಶ್ರುತಿಯಿಲ್ಲದೆ ಹಾಡಿದರೆ, ಗೋಡೆ ಕಟ್ಟುವವನು ತೂಗುಗುಂಡನ್ನು ಬಿಟ್ಟು ಕಣ್ಣಳತೆಯನ್ನೇ ನಂಬಿದಂತಾಗುತ್ತದೆ. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಷಡ್ಜವು ಅವಳಿಗೆ ತಿಳಿಯದಂತೆಯೇ ಕೆಳಗಿಳಿದಿರುತ್ತದೆ.

ಈ ಕೊರತೆಯನ್ನು ಅಂಗೈಯಗಲದ ಒಂದು ವಿದ್ಯುತ್ ಫಲಕದಿಂದ ತುಂಬಿಕೊಳ್ಳುವುದು ಇಂದು ಸಾಧ್ಯವಾಗಿದೆ. ಆದರೆ ಅದು ಹೇಗೆಂದು ತಿಳಿಯುವ ಮೊದಲು ತಂಬೂರಿಯ ನಾದವೆಂದರೆ ಏನೆಂಬುದನ್ನು ತಿಳಿಯಬೇಕು. ನೋಡಲು ಇಷ್ಟು ಸರಳವಾದ ವಾದ್ಯ ಬೇರೊಂದಿಲ್ಲ. ನಾಲ್ಕು ತಂತಿಗಳು, ಒಂದು ಪಂಚಮಕ್ಕೆ, ಎರಡು ಷಡ್ಜಕ್ಕೆ, ಕೊನೆಯದು ಮಂದ್ರಷಡ್ಜಕ್ಕೆ. ಬೆರಳಿಟ್ಟು ಒತ್ತುವ ಮೆಟ್ಟಿಲುಗಳಿಲ್ಲ, ರಾಗವಿಲ್ಲ, ತಾಳವಿಲ್ಲ. ಆದರೂ ಚೆನ್ನಾಗಿ ಶ್ರುತಿ ಮಾಡಿದ ತಂಬೂರಿಯ ಮುಂದೆ ಕಣ್ಣು ಮುಚ್ಚಿ ಕುಳಿತವರಿಗೆ, ಯಾವ ತಂತಿಯಲ್ಲಿಯೂ ಇಲ್ಲದ ಗಾಂಧಾರವು ತಾನಾಗಿಯೇ ಕೇಳಿಸುತ್ತದೆ. ಅದನ್ನು ಸಂಗೀತಗಾರರು ಸ್ವಯಂಭೂ ಗಾಂಧಾರವೆಂದು ಕರೆದರು.

ಇದರಲ್ಲಿ ಪವಾಡವೇನೂ ಇಲ್ಲ. ಒಂದು ತಂತಿಯು ಸೆಕೆಂಡಿಗೆ 120 ಸಲ ಕಂಪಿಸುವಾಗ, ಅದರ ಜೊತೆಯಲ್ಲಿಯೇ 240, 360, 480, 600 ಹೀಗೆ ಇಮ್ಮಡಿ, ಮುಮ್ಮಡಿ ಕಂಪನಗಳೂ ನಡೆದಿರುತ್ತವೆ. ಇವನ್ನು ಉಪಸ್ವರಗಳೆನ್ನಬಹುದು. ಮೂಲ ಕಂಪನದ ಐದರಷ್ಟಿರುವ ಉಪಸ್ವರವೇ ಆ ಗಾಂಧಾರ. ಬೇರೆ ವಾದ್ಯಗಳಲ್ಲಿ ಉಪಸ್ವರಗಳು ಬೇಗನೆ ಕ್ಷೀಣಿಸಿಹೋಗುತ್ತವೆ. ತಂಬೂರಿಯಲ್ಲಿ ಅವು ಅರಳಿ ನಿಲ್ಲುತ್ತವೆ. ಏಕೆ? ಈ ಪ್ರಶ್ನೆಯನ್ನು ಕೈಗೆತ್ತಿಕೊಂಡವರು ಸರ್ ಸಿ.ವಿ. ರಾಮನ್. ತಂತಿಯನ್ನು ಯಾವುದಾದರೊಂದು ಉಪಸ್ವರದ ನಿಸ್ಪಂದ ಬಿಂದುವಿನಲ್ಲಿ ಮೀಟಿದರೆ ಆ ಉಪಸ್ವರವು ಕೇಳಿಸಕೂಡದೆಂಬುದು ಯೂರೋಪಿನ ವಿಜ್ಞಾನಿಗಳು ಸ್ಥಾಪಿಸಿದ್ದ ನಿಯಮ. ತಂಬೂರಿಯಲ್ಲಿಯೂ ವೀಣೆಯಲ್ಲಿಯೂ ಆ ನಿಯಮವು ನಡೆಯುವುದಿಲ್ಲವೆಂದು ರಾಮನ್ನರು 1921ರಲ್ಲಿ ಪ್ರಕಟಿಸಿದ ಲೇಖನದಲ್ಲಿ ತೋರಿಸಿದರು. ಕಾರಣವು ಕುದುರೆಯಲ್ಲಿದೆ. ಪಿಟೀಲಿನ ಕುದುರೆಯ ಅಂಚು ಚೂಪು; ತಂಬೂರಿಯ ಕುದುರೆಯ ಮೈ ಅಗಲವಾಗಿ ನವಿರಾಗಿ ಬಾಗಿದೆ. ಕಂಪಿಸುವ ತಂತಿಯು ಆ ಬಾಗಿದ ಮೈಯನ್ನು ಪ್ರತಿಸಲವೂ ಸವರುತ್ತ, ಬಿಡುತ್ತ ಹೋಗುತ್ತದೆ. ತಂತಿಗೂ ಕುದುರೆಗೂ ನಡುವೆ ನೂಲಿನ ಒಂದು ಎಳೆಯನ್ನು ಸೇರಿಸಿ, ಕೂದಲೆಳೆಯಷ್ಟು ಅತ್ತಿತ್ತ ಸರಿಸಿ, ನಾದಕ್ಕೆ ಜೀವ ಬರುವ ಸ್ಥಾನವನ್ನು ಹುಡುಕುವುದು ನಮ್ಮ ವಾದಕರ ಪದ್ಧತಿ. ಆ ಎಳೆಗೆ ಜೀವಾಳಿ ಎಂದೇ ಹೆಸರು. ಓದುಬರಹವಿಲ್ಲದ ಕುಶಲಕರ್ಮಿಯೂ ಅರಿತಿದ್ದ ಈ ರಹಸ್ಯಕ್ಕೆ ವಿಜ್ಞಾನವು ಕಾರಣ ಹೇಳಿದ್ದು ಬಹಳ ತಡವಾಗಿ. ರಾಮನ್ನರು ಬೆಂಗಳೂರಿಗೆ ಬಂದ ಮೇಲೆ, 1934ರಲ್ಲಿ, ಮೃದಂಗ ಮತ್ತು ತಬಲಾಗಳ ನಾದವನ್ನು ಕುರಿತೂ ದೀರ್ಘವಾದ ಲೇಖನವೊಂದನ್ನು ಪ್ರಕಟಿಸಿದರು.

ತಂಬೂರಿಯ ಕೆಲಸವನ್ನು ವಿದ್ಯುತ್ತಿನ ಯಂತ್ರಕ್ಕೆ ಒಪ್ಪಿಸಿದ ಕೀರ್ತಿಯೂ ಬೆಂಗಳೂರಿಗೇ ಸಲ್ಲುತ್ತದೆ. ಎಂಜಿನಿಯರರೂ ಕೊಳಲುವಾದಕರೂ ಆದ ಜಿ. ರಾಜನಾರಾಯಣ್ ಅವರು 1979ರಲ್ಲಿ ಎಲೆಕ್ಟ್ರಾನಿಕ್ ತಂಬೂರಿಯನ್ನು ರೂಪಿಸಿದರು. ಅವರ ರೇಡೆಲ್ ಸಂಸ್ಥೆಯ ಪೆಟ್ಟಿಗೆಗಳು ಮುಂದೆ ಸಂಗೀತ ಶಾಲೆಗಳನ್ನೂ ಸಭಾವೇದಿಕೆಗಳನ್ನೂ ಹೊಕ್ಕವು. ಬಿಡಿಬಿಡಿ ಭಾಗಗಳಿಂದ ಕೂಡಿದ್ದರಿಂದ ಮೊದಲಿನ ಯಂತ್ರಗಳ ಗಾತ್ರ ದೊಡ್ಡದಾಗಿತ್ತು. ಇಂದು ದೊರೆಯುವ ಯಂತ್ರಗಳಲ್ಲಿ ಎಷ್ಟೋ ನಿಜವಾದ ತಂಬೂರಿಯ ನಾದವನ್ನೇ ಸ್ಮರಣಕೋಶದಲ್ಲಿ ಹಿಡಿದಿಟ್ಟು ನುಡಿಸುತ್ತವೆ. ಈ ಬದಲಾವಣೆಯನ್ನು ಎಲ್ಲರೂ ಸ್ವಾಗತಿಸಲಿಲ್ಲ. ಪೆಟ್ಟಿಗೆಯ ನಾದವು ಹೂವಿನ ಚಿತ್ರದಂತೆ, ಅದರಲ್ಲಿ ಪರಿಮಳವಿಲ್ಲ ಎಂದ ವಿದ್ವಾಂಸರಿದ್ದಾರೆ. ಅವರ ಮಾತನ್ನು ಹಳೆಯ ಕಾಲದವರ ಗೊಣಗಾಟವೆಂದು ತಳ್ಳಿಹಾಕುವಂತಿಲ್ಲ. ಗುರುವಿನ ಹಿಂದೆ ಕುಳಿತು ವರ್ಷಗಟ್ಟಲೆ ತಂಬೂರಿಯನ್ನು ಮೀಟುತ್ತಲೇ ಕಿವಿಯನ್ನು ಪಳಗಿಸಿಕೊಂಡ ಶಿಷ್ಯರ ಪರಂಪರೆಯೊಂದು ಇತ್ತು. ಗುಂಡಿಯನ್ನು ಒತ್ತಿದವರಿಗೆ ಆ ಶಿಕ್ಷಣ ದೊರೆಯುವುದಿಲ್ಲ. ಆದರೆ ಬಾಗಲಗುಂಟೆಯ ಹುಡುಗಿಯ ಮುಂದಿರುವ ಪ್ರಶ್ನೆ ತಂಬೂರಿಯೋ ಪೆಟ್ಟಿಗೆಯೋ ಎಂಬುದಲ್ಲ. ಪೆಟ್ಟಿಗೆಯೋ ಏನೂ ಇಲ್ಲವೋ ಎಂಬುದು.

ವಿದ್ಯುತ್ತಿನಿಂದ ನಾದವನ್ನು ಹುಟ್ಟಿಸುವ ಯಂತ್ರಕ್ಕೆ ಸಿಂಥಸೈಜರ್ ಎಂದು ಹೆಸರು. ಅಮೆರಿಕದ ರಾಬರ್ಟ್ ಮೂಗ್ ಎಂಬವರು 1964ರಲ್ಲಿ ನಿರ್ಮಿಸಿದ ಯಂತ್ರದಿಂದ ಅದು ಪ್ರಸಿದ್ಧಿಗೆ ಬಂದಿತು. ನಮ್ಮ ದೇಶಕ್ಕೆ ಅದು ತಡವಾಗಿ ಬಂದಿತೆಂದು ಊಹಿಸುವವರಿಗೆ ಅಚ್ಚರಿಯಾಗಬಹುದು: 1969ರಲ್ಲಿಯೇ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಮೂಗ್ ಯಂತ್ರವನ್ನೊಳಗೊಂಡ ನಾದಶಾಲೆಯೊಂದು ಸ್ಥಾಪನೆಯಾಗಿತ್ತು. ಅಲ್ಲಿ ಕೆಲವೇ ವರ್ಷ ಕೆಲಸ ನಡೆದು ನಿಂತುಹೋಯಿತು. ಆ ಕಾಲದ ಧ್ವನಿಸುರುಳಿಗಳು ಸಂಸ್ಥೆಯ ಸಂಗ್ರಹದಲ್ಲಿ ದಶಕಗಳ ಕಾಲ ಮರೆಯಾಗಿದ್ದು, ಈಚೆಗೆ ಬೆಳಕಿಗೆ ಬಂದಿವೆ. ಅಂದಿನ ಯಂತ್ರ ಒಂದು ಬೀರುವಿನಷ್ಟು ದೊಡ್ಡದು. ಕೋಣೆಯ ಶಾಖ ಏರಿದರೆ ಅದರ ಸ್ವರವೂ ಸರಿಯುತ್ತಿತ್ತು.

ಈಗಿನ ಫಲಕದ ಮಾತು ಬೇರೆ. ಗಣಕಯಂತ್ರದ ನೆರವಿಲ್ಲದೆ ತಾನೇ ಸ್ವತಂತ್ರವಾಗಿ ನಡೆಯುವ, ಆದರೆ ಏನು ಮಾಡಬೇಕೆಂಬುದನ್ನು ನಾವೇ ಬರೆದು ತುಂಬಬಹುದಾದ ಧ್ವನಿಫಲಕಗಳು ಹಲವು ಬಗೆಯವು ಬಂದಿವೆ. 2020ರಲ್ಲಿ ಅಮೆರಿಕದ ಎಲೆಕ್ಟ್ರೋಸ್ಮಿತ್ ಎಂಬ ಸಂಸ್ಥೆ ಹೊರತಂದ ಡೈಸಿ ಸೀಡ್ ಎಂಬ ಫಲಕವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಅದರ ಉದ್ದ ಸುಮಾರು 5 ಸೆಂಟಿಮೀಟರ್, ಅಗಲ 2 ಸೆಂಟಿಮೀಟರಿಗೂ ಕಡಿಮೆ. ಅದರಲ್ಲಿ ಮುಖ್ಯವಾದ ಅಂಗಗಳು ಮೂರು. ಮೈಕ್ರೊಫೋನಿನಿಂದ ಬರುವ ವಿದ್ಯುತ್ತಿನ ಏರಿಳಿತವನ್ನು ಅಂಕೆಗಳನ್ನಾಗಿಯೂ, ಅಂಕೆಗಳನ್ನು ಮತ್ತೆ ಏರಿಳಿತವನ್ನಾಗಿಯೂ ಮಾರ್ಪಡಿಸುವ ಭಾಗವೊಂದು. ಲೆಕ್ಕ ಮಾಡುವ ಪ್ರೊಸೆಸರ್ ಒಂದು. ಅಂಕೆಗಳನ್ನು ಕೂಡಿಡುವ ಸ್ಮರಣಕೋಶವೊಂದು. ಸೆಕೆಂಡಿಗೆ 48,000 ಸಲ ಧ್ವನಿಯ ಎತ್ತರವನ್ನು ಅಳೆದು ಬರೆದುಕೊಳ್ಳುವುದು ರೂಢಿ. ಹೀಗೆ ಬರೆದುಕೊಂಡ ಒಂದೊಂದು ಅಂಕೆಗೂ ಮಾದರಿ ಎನ್ನೋಣ. ಪ್ರೊಸೆಸರಿನ ಗಡಿಯಾರವು ಸೆಕೆಂಡಿಗೆ 48 ಕೋಟಿ ಸಲ ಮಿಡಿಯುತ್ತದೆ. ಎಂದರೆ ಒಂದು ಮಾದರಿಗೂ ಮುಂದಿನ ಮಾದರಿಗೂ ನಡುವೆ ಅದಕ್ಕೆ 10,000 ಮಿಡಿತಗಳಷ್ಟು ಬಿಡುವಿದೆ. ನಾದವನ್ನು ಕಟ್ಟುವ ಕೆಲಸವೆಲ್ಲ ಈ ಬಿಡುವಿನಲ್ಲಿ ನಡೆಯಬೇಕು.

ಮನೆಯ ಗಣಕಯಂತ್ರವೇ ಈ ಕೆಲಸವನ್ನು ಮಾಡಲಾರದೆ ಎಂದು ಕೇಳಬಹುದು. ಮಾಡಬಲ್ಲುದು. ಆದರೆ ಅದು ಮನೆತುಂಬ ನೆಂಟರಿರುವ ಗೃಹಿಣಿಯಂತೆ. ನೂರು ಕೆಲಸಗಳ ನಡುವೆ ನಾದದ ಸರದಿ ಬರುವುದು ಒಮ್ಮೊಮ್ಮೆ ತಡವಾಗುತ್ತದೆ. ಧ್ವನಿಫಲಕಕ್ಕೆ ಬೇರೆ ಕೆಲಸವೇ ಇಲ್ಲ. ಅದು 48 ಮಾದರಿಗಳನ್ನು ಒಂದು ಕಂತಾಗಿ ತೆಗೆದುಕೊಂಡರೆ ಒಂದೊಂದು ಕಂತಿಗೆ ಹಿಡಿಯುವುದು ಸೆಕೆಂಡಿನ ಸಾವಿರದಲ್ಲಿ ಒಂದು ಭಾಗ ಮಾತ್ರ. ಅಷ್ಟು ಹೊತ್ತಿನಲ್ಲಿ ಗಾಳಿಯಲ್ಲಿ ಶಬ್ದವು ಸುಮಾರು ಒಂದು ಅಡಿ ಸಾಗುತ್ತದೆ. ವೇದಿಕೆಯ ಮೇಲೆ ಮೃದಂಗದವರು ಹತ್ತಡಿ ದೂರ ಕುಳಿತರೆ ಆಗುವ ತಡ ಇದಕ್ಕಿಂತ ಹೆಚ್ಚು.

ಇನ್ನು ಅಂಕೆಗಳಿಂದ ತಂತಿಯನ್ನು ಮಾಡುವ ಬಗೆ. 1983ರಲ್ಲಿ ಕೆವಿನ್ ಕಾರ್‌ಪ್ಲಸ್ ಮತ್ತು ಅಲೆಕ್ಸಾಂಡರ್ ಸ್ಟ್ರಾಂಗ್ ಎಂಬಿಬ್ಬರು ಒಂದು ಉಪಾಯವನ್ನು ಪ್ರಕಟಿಸಿದರು. ಅದರ ಸರಳತೆ ಬೆರಗುಗೊಳಿಸುವಂಥದು. ಸ್ಮರಣಕೋಶದಲ್ಲಿ 200 ಮನೆಗಳ ಒಂದು ಸಾಲನ್ನು ಮಾಡಿ, ಪ್ರತಿಯೊಂದರಲ್ಲಿಯೂ ಮನಸ್ಸಿಗೆ ಬಂದ ಅಂಕೆಯನ್ನು ತುಂಬಬೇಕು. ಇದನ್ನು ಹಾಗೆಯೇ ನುಡಿಸಿದರೆ ಮಳೆಯ ಸದ್ದಿನಂಥ ಒಂದು ಕ್ಷಣದ ಗದ್ದಲ. ಆದರೆ ಸಾಲಿನ ಕೊನೆ ಮುಟ್ಟಿದೊಡನೆ ಮತ್ತೆ ಮೊದಲಿಗೆ ಬಂದು ಸುತ್ತುತ್ತಲೇ ಇದ್ದರೆ, 48,000 ಮಾದರಿಗಳಲ್ಲಿ 200ರ ಸುತ್ತು 240 ಸಲ ಆಗುತ್ತದೆ. ಕಿವಿಗೆ ಸೆಕೆಂಡಿಗೆ 240 ಕಂಪನಗಳ ಸ್ವರ ಕೇಳುತ್ತದೆ. ಪ್ರತಿ ಸುತ್ತಿನಲ್ಲಿಯೂ ಒಂದೊಂದು ಅಂಕೆಯ ಬದಲಿಗೆ ಅದರ ಮತ್ತು ಅದರ ನೆರೆಯ ಅಂಕೆಯ ಸರಾಸರಿಯನ್ನು ಇಡುತ್ತ ಹೋದರೆ ಚೂಪಾದ ಏರಿಳಿತಗಳು ಮೊದಲು ಸವೆದು, ಮೂಲ ಸ್ವರ ಕೊನೆಗೆ ಅಡಗುತ್ತದೆ. ಮೀಟಿದ ತಂತಿಯಲ್ಲಿ ನಡೆಯುವುದೂ ಇದೇ. ಕೇಳಿದವರು ತಂತಿಯೆಂದೇ ಹೇಳುತ್ತಾರೆ.

ಹುಡುಗಿಯ ಷಡ್ಜ 240 ಎಂದಿಟ್ಟುಕೊಂಡರೆ ಮಂದ್ರಷಡ್ಜ 120. ಅದಕ್ಕೆ 400 ಮನೆಗಳ ಸಾಲು. ಮಂದ್ರ ಪಂಚಮವು ಮಂದ್ರಷಡ್ಜದ ಒಂದೂವರೆಯಷ್ಟು, ಎಂದರೆ 180. ಇಲ್ಲಿ ತೊಡಕು ತಲೆದೋರುತ್ತದೆ. 48,000ವನ್ನು 180ರಿಂದ ಭಾಗಿಸಿದರೆ 266 ಮತ್ತು ಮೂರರಲ್ಲಿ ಎರಡು ಪಾಲು ಬರುತ್ತದೆ. ಮನೆಗಳನ್ನು ಮೂರು ಪಾಲು ಮಾಡುವುದು ಹೇಗೆ? ಹೋಗಲಿ ಎಂದು 267 ಮನೆಗಳನ್ನಿಟ್ಟರೆ ಪಂಚಮವು 180ರ ಬದಲು 179.8ರ ಸುಮಾರಿಗೆ ನಿಲ್ಲುತ್ತದೆ. ಇಷ್ಟು ಅಲ್ಪ ವ್ಯತ್ಯಾಸ ಯಾರಿಗೆ ಗೊತ್ತಾದೀತು ಎನ್ನಬಾರದು. ಪಂಚಮದ ನಾಲ್ಕನೆಯ ಉಪಸ್ವರವೂ ಷಡ್ಜದ ಮೂರನೆಯ ಉಪಸ್ವರವೂ 720ರಲ್ಲಿ ಒಂದಾಗಬೇಕು. ಒಂದಾಗದೆ ಹೋದಾಗ ಅವೆರಡರ ನಡುವೆ ಸೆಕೆಂಡಿಗೆ ಸುಮಾರು ಒಂದು ಸಲ ಏರಿ ಇಳಿಯುವ ವಿಸ್ಪಂದ ಹುಟ್ಟುತ್ತದೆ. ಶ್ರುತಿಯು ಅಲುಗುತ್ತಿದೆ ಎಂದು ಗುರುಗಳು ಹೇಳುವುದು ಇದನ್ನೇ. ಆದ್ದರಿಂದ 266ನೆಯ ಮತ್ತು 267ನೆಯ ಮನೆಗಳ ಅಂಕೆಗಳನ್ನು ತಕ್ಕ ಪ್ರಮಾಣದಲ್ಲಿ ಬೆರೆಸಿ, ಎರಡರ ನಡುವಣ ಬೆಲೆಯನ್ನು ತೆಗೆದುಕೊಳ್ಳುವ ಲೆಕ್ಕವನ್ನು ಬರೆಯಬೇಕಾಗುತ್ತದೆ. ಸರಾಸರಿ ತೆಗೆಯುವ ಕ್ರಿಯೆಯೇ ಅರ್ಧ ಮಾದರಿಯಷ್ಟು ತಡಮಾಡುತ್ತದೆಂಬುದನ್ನೂ ಲೆಕ್ಕದಲ್ಲಿ ಕಳೆಯಬೇಕು. ಬಾಗಿದ ಕುದುರೆಯ ಗುಣವನ್ನು ತರಲು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ತಂತಿಯು ಆ ಕ್ಷಣ ಎಷ್ಟು ಜರುಗಿದೆ ಎಂಬುದಕ್ಕೆ ಅನುಗುಣವಾಗಿ ಸಾಲಿನ ಉದ್ದವನ್ನು ಎಳ್ಳಷ್ಟು ಹಿಗ್ಗಿಸಿ ಕುಗ್ಗಿಸುವುದುಂಟು. ನೂಲಿನ ಎಳೆಯನ್ನು ಸರಿಸುವ ಬದಲು ಒಂದು ಅಂಕೆಯನ್ನು ಬದಲಾಯಿಸಿದಂತಾಯಿತು.

ಇಷ್ಟೆಲ್ಲ ತೊಂದರೆಪಡುವ ಬದಲು ಅಂಗಡಿಯಲ್ಲಿ ಸಿಗುವ ಕೀಲಿಮಣೆಯ ವಾದ್ಯವನ್ನೇ ಶ್ರುತಿಗೆ ಇಟ್ಟುಕೊಳ್ಳಬಾರದೇ? ಆ ವಾದ್ಯಗಳಲ್ಲಿ ಒಂದು ಸ್ಥಾಯಿಯನ್ನು ಹನ್ನೆರಡು ಸಮಪಾಲು ಮಾಡಿರುತ್ತಾರೆ. ಷಡ್ಜ 240 ಆದರೆ ಅದರ ಗಾಂಧಾರ 302.4, ತಂಬೂರಿಯ ಸ್ವಯಂಭೂ ಗಾಂಧಾರಕ್ಕೆ ಹೊಂದುವುದು 300. ಮಂದ್ರಷಡ್ಜದ ತಂತಿಯಲ್ಲಿ ಹುಟ್ಟುವ 600ರ ಉಪಸ್ವರಕ್ಕೂ ಕೀಲಿಮಣೆಯ ಗಾಂಧಾರದ ಇಮ್ಮಡಿಗೂ ನಡುವೆ ಸೆಕೆಂಡಿಗೆ ಸುಮಾರು ಐದು ವಿಸ್ಪಂದಗಳಾಗುತ್ತವೆ. ದಿನವೂ ಅದನ್ನೇ ಕೇಳಿ ಬೆಳೆದ ಕಿವಿ ಆ ಒರಟನ್ನೇ ಸರಿಯೆಂದು ನಂಬಿಬಿಡುತ್ತದೆ. ಹೊರಗಿನವರು ತಮ್ಮ ಸಂಗೀತಕ್ಕಾಗಿ ಮಾಡಿದ ಯಂತ್ರದಲ್ಲಿ ನಮ್ಮ ಸ್ವರಕ್ಕೆ ಸ್ಥಳವಿಲ್ಲದಿದ್ದರೆ ಅವರನ್ನು ದೂರಿ ಫಲವಿಲ್ಲ. ಆದರೆ ಫಲಕದಲ್ಲಿ 302.4 ಎಂದಿರುವಲ್ಲಿ 300 ಎಂದು ಬರೆಯಲು ಯಾರ ಅಪ್ಪಣೆಯೂ ಬೇಕಿಲ್ಲ.

ಹಾಡಿದ್ದನ್ನು ಹಿಡಿದಿಟ್ಟು ಮತ್ತೆ ಮತ್ತೆ ನುಡಿಸುವ ಯಂತ್ರಕ್ಕೆ ಲೂಪರ್ ಎನ್ನುತ್ತಾರೆ. 1948ರಲ್ಲಿ ಪ್ಯಾರಿಸಿನ ರೇಡಿಯೋದಲ್ಲಿ ಪಿಯರ್ ಶೇಫರ್ ಎಂಬವರು ಧ್ವನಿಮುದ್ರಿಕೆಯ ಗೆರೆಯನ್ನು ಸುರುಳಿಯಾಗಿ ಮುಂದುವರಿಯಗೊಡದೆ ವೃತ್ತವಾಗಿ ಮುಚ್ಚಿ, ಒಂದೇ ಸದ್ದು ಸುತ್ತುತ್ತಲೇ ಇರುವಂತೆ ಮಾಡಿ ಪ್ರಯೋಗ ನಡೆಸಿದರು. ಆಮೇಲೆ ಟೇಪಿನ ಎರಡು ತುದಿಗಳನ್ನು ಅಂಟಿಸಿ ಸುತ್ತಿಸುವ ಪದ್ಧತಿ ಬಂದಿತು. ಫಲಕದಲ್ಲಿ ಇದಕ್ಕಾಗಿ ಹೊಸದೇನನ್ನೂ ಕಲಿಯಬೇಕಿಲ್ಲ. 200 ಮನೆಗಳ ಸಾಲು ಸುತ್ತಿದರೆ ತಂತಿ. ಅದೇ ಸಾಲಿಗೆ 3,84,000 ಮನೆಗಳಿದ್ದರೆ ಎಂಟು ಸೆಕೆಂಡುಗಳ ಹಾಡು. ಡೈಸಿ ಫಲಕದ 64 ಮೆಗಾಬೈಟ್ ಸ್ಮರಣಕೋಶದಲ್ಲಿ, ಒಂದೊಂದು ಮಾದರಿಗೆ ನಾಲ್ಕು ಬೈಟುಗಳಂತೆ, ಸುಮಾರು 349 ಸೆಕೆಂಡುಗಳ ಧ್ವನಿ ಹಿಡಿಯುತ್ತದೆ. ಸೆಕೆಂಡಿಗೆ ಒಂದು ಅಕ್ಷರದ ಗತಿಯಲ್ಲಿ ಅದು ಆದಿತಾಳದ 43 ಆವರ್ತಗಳು.

ಇಲ್ಲಿಯೂ ಒಂದು ಮೋಸವಿದೆ. ಒಂದು ಆವರ್ತವನ್ನು ಹಾಡಿ, ಮುಗಿಯಿತೆಂದು ಕಾಲಿನಿಂದ ಗುಂಡಿಯನ್ನು ಒತ್ತುವಾಗ ಸೆಕೆಂಡಿನ ಇಪ್ಪತ್ತರಲ್ಲಿ ಒಂದು ಭಾಗ ತಡವಾಯಿತೆಂದು ತಿಳಿಯಿರಿ. ಯಂತ್ರವು ಆ ತಡವನ್ನೂ ಹಾಡಿನ ಭಾಗವೆಂದೇ ಬಗೆಯುತ್ತದೆ; ಆವರ್ತ 8 ಸೆಕೆಂಡಿನ ಬದಲು 8.05 ಆಗುತ್ತದೆ. ಹುಡುಗಿ ಕೈಯಲ್ಲಿ ಸಮನಾಗಿ ತಾಳ ಹಾಕುತ್ತಿದ್ದರೆ, ಇಪ್ಪತ್ತು ಆವರ್ತಗಳಾಗುವಷ್ಟರಲ್ಲಿ ಯಂತ್ರವು ಒಂದು ಅಕ್ಷರ ಹಿಂದೆ ಬಿದ್ದಿರುತ್ತದೆ. ಸೊಲ್ಕಟ್ಟನ್ನು ಹಿಡಿದಿಟ್ಟು ಅದರ ಮೇಲೆ ಕೃತಿಯ ಎಡುಪನ್ನು ಅಭ್ಯಾಸ ಮಾಡುವವಳಿಗೆ ಇದಕ್ಕಿಂತ ಕೆಟ್ಟ ಗುರು ಬೇಕಿಲ್ಲ. ಅಂಗಡಿಯ ಯಂತ್ರಗಳು ಲಯವನ್ನು ಹೊಂದಿಸಬಲ್ಲುವಾದರೂ ಅವುಗಳಲ್ಲಿ ಹೆಚ್ಚಿನವು ನಾಲ್ಕು ಮಾತ್ರೆಯ ಲೆಕ್ಕವನ್ನು ಮನಸ್ಸಿನಲ್ಲಿಟ್ಟು ಮಾಡಿದವು. ಏಳು ಮಾತ್ರೆಯ ಮಿಶ್ರಚಾಪು, ಐದು ಮಾತ್ರೆಯ ಖಂಡಚಾಪು ಅವುಗಳ ಕನಸಿನಲ್ಲಿಯೂ ಇಲ್ಲ. ತಾನೇ ಬರೆದ ಲೂಪರಿನಲ್ಲಿ ತಾಳದ ಅಕ್ಷರಗಳನ್ನು ಮೊದಲೇ ಹೇಳಿಟ್ಟು, ಗುಂಡಿಯನ್ನು ಎಂದು ಒತ್ತಿದರೂ ಸುತ್ತು ಪೂರ್ಣ ಅಕ್ಷರದಲ್ಲಿಯೇ ಮುಚ್ಚುವಂತೆ ಮಾಡಬಹುದು. ಕೊನೆಯ ಅಂಕೆಗೂ ಮೊದಲ ಅಂಕೆಗೂ ಹೊಂದಿಕೆಯಿಲ್ಲದಿದ್ದರೆ ಪ್ರತಿ ಸುತ್ತಿಗೂ ಟಕ್ಕೆಂಬ ಸದ್ದು ಬರುತ್ತದೆ. 480 ಮಾದರಿಗಳಷ್ಟು ಹೊತ್ತು ಕೊನೆಯನ್ನು ಕುಗ್ಗಿಸಿ ಮೊದಲನ್ನು ಹಿಗ್ಗಿಸಿ ಬೆರೆಸಿದರೆ ಆ ಬೆಸುಗೆ ಕಿವಿಗೆ ಕಾಣುವುದಿಲ್ಲ.

ಆದರೂ ಸುತ್ತುವ ಸೊಲ್ಕಟ್ಟು ಮೃದಂಗದವರಾಗಲಾರದು. ಗಾಯಕಿಯ ಉಸಿರು ಎಲ್ಲಿ ನಿಂತಿತೆಂದು ನೋಡಿ ಅಲ್ಲಿ ಮೌನವನ್ನು ಇಡುವುದು, ಅವಳ ಉತ್ಸಾಹ ಏರಿದಾಗ ತಾನೂ ಏರುವುದು ಮನುಷ್ಯರ ಕೆಲಸ.

ಕಟ್ಟುವ ಕೆಲಸದಲ್ಲಿ ಹೇಳಬೇಕಾದದ್ದು ಕಡಿಮೆ, ಆದರೆ ಕೆಡುವುದು ಅಲ್ಲಿಯೇ ಹೆಚ್ಚು. ತಿರುಗಣೆಗಳು, ಗುಂಡಿಗಳು, ತಂತಿಗಳು ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ದೊರೆಯುತ್ತವೆ. ತಗಡಿನ ಪೆಟ್ಟಿಗೆಯನ್ನು ಬಾಗಿಸಿ ತೂತು ಕೊರೆದುಕೊಡಬಲ್ಲ ಚಿಕ್ಕ ಕಾರ್ಯಾಗಾರಗಳಿಗೆ ಪೀಣ್ಯದಲ್ಲಿ ಬರವಿಲ್ಲ. ಫಲಕಕ್ಕೆ ಫೋನಿನ ಚಾರ್ಜರಿನ 5 ವೋಲ್ಟ್ ಸಾಕು. ಗೋಡೆಯ 230 ವೋಲ್ಟಿನ ಕಡೆಗೆ ಹುಡುಗರು ಕೈಹಾಕಬೇಕಾದ ಪ್ರಸಂಗವೇ ಇಲ್ಲ, ಹಾಕಲೂ ಕೂಡದು. ಎಲ್ಲವನ್ನೂ ಜೋಡಿಸಿ ಮೊದಲ ಸಲ ನುಡಿಸಿದಾಗ ತಂಬೂರಿಯ ಹಿಂದೆ ಗುಂಯ್ ಎಂಬ ಮೊರೆತವೊಂದು ಕೇಳುವುದು ಸಾಮಾನ್ಯ. ಮನೆಯ ವಿದ್ಯುತ್ತಿನ 50 ಆವೃತ್ತಿಯೂ ಅದರ ಇಮ್ಮಡಿಯಾದ 100 ಆವೃತ್ತಿಯೂ ನುಸುಳಿ ಬರುವುದೇ ಅದಕ್ಕೆ ಕಾರಣ. ನೆಲತಂತಿಗಳನ್ನೆಲ್ಲ ಒಂದೇ ಬಿಂದುವಿನಲ್ಲಿ ಸೇರಿಸಿದರೆ, ಇಲ್ಲವೇ ಬ್ಯಾಟರಿಯಿಂದ ನಡೆಸಿದರೆ ಅದು ಬಹುಮಟ್ಟಿಗೆ ಅಡಗುತ್ತದೆ. ತಿರುಗಣೆಯನ್ನು ಮುಟ್ಟದಿದ್ದರೂ ಶ್ರುತಿಯು ನಡುಗುವುದು ಇನ್ನೊಂದು ರೋಗ. ತಿರುಗಣೆಯಿಂದ ಫಲಕವು ಓದುವ ಅಂಕೆ ಸದಾ ಅಲ್ಪಸ್ವಲ್ಪ ಕದಲುತ್ತಿರುತ್ತದೆ. ಹಲವು ಸಲ ಓದಿ ಸರಾಸರಿ ತೆಗೆದರೆ ಗುಣವಾಗುತ್ತದೆ.

ನಮ್ಮ ಗಡಿಯಾಚೆಯ ಮೀರಜಿನಲ್ಲಿ ತಂಬೂರಿಯನ್ನು ಮಾಡುವ ಮನೆತನಗಳು ಇಂದಿಗೂ ಇವೆ. ಸೋರೆಯ ಒಣಬುರುಡೆಯನ್ನು ಆರಿಸಿ, ಮರದ ದಂಡಿಯನ್ನು ಕೂಡಿಸಿ, ಕುದುರೆಯ ಮೈಯನ್ನು ಅರದಿಂದ ತಿದ್ದಿ, ಕಿವಿಯಿಟ್ಟು ಕೇಳಿ, ಮತ್ತೆ ತಿದ್ದುವ ಅವರ ವಿದ್ಯೆಗೆ 2024ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ದೊರೆಯಿತು. ಅವರು ಅರದಿಂದ ಮಾಡುವುದನ್ನೇ ಬಾಗಲಗುಂಟೆಯ ಹುಡುಗಿ ಅಂಕೆಯಿಂದ ಮಾಡಬೇಕಾಗಿದೆ. ವಾರಕ್ಕೊಮ್ಮೆ ಅವಳು ಪೆಟ್ಟಿಗೆಯನ್ನು ಚೀಲದಲ್ಲಿಟ್ಟುಕೊಂಡು ಗುರುಗಳ ಮನೆಗೆ ಹೋಗುತ್ತಾಳೆ. ಅವರು ತಮ್ಮ ತಂಬೂರಿಯನ್ನು ಒರಗಿಸಿಕೊಂಡು ಶ್ರುತಿ ಮಾಡುತ್ತಾರೆ. ಪೆಟ್ಟಿಗೆಯನ್ನೂ ಜೊತೆಗೆ ನುಡಿಸಲು ಹೇಳುತ್ತಾರೆ. ಸ್ವಲ್ಪ ಹೊತ್ತು ಎರಡನ್ನೂ ಕೇಳಿ, ಪಂಚಮ ಒಂದಿಷ್ಟು ಇಳಿದಿದೆ ನೋಡಮ್ಮ, ಎನ್ನುತ್ತಾರೆ. ಅವಳು ಅದನ್ನು ನೋಟುಪುಸ್ತಕದಲ್ಲಿ ಬರೆದುಕೊಂಡು, ಪೆಟ್ಟಿಗೆಯನ್ನು ಆರಿಸಿ, ಗುರುಗಳ ತಂಬೂರಿಗೆ ಪಾಠವನ್ನು ಹಾಡಲು ತೊಡಗುತ್ತಾಳೆ.